ಬಲಗಡೆಯ ಲಾಳಿ

ಮೊಳಕಾಲ್ಮೂರಿಗೆ ತಿರುಗುವ ಹಾನಗಲ್ ಕ್ರಾಸಿನಲ್ಲಿ ಬಸ್ಸಿಳಿದವರಿಗೆ ಮೊದಲು ಎದುರಾಗುವುದು ಗಾಳಿ. ಹೋದ ತಿಂಗಳು ಎರಡು ದಿನದ ರಜೆಯಲ್ಲಿ ಊರಿಗೆ ಹೋದಾಗಲೂ ಹಾಗೆಯೇ ಆಯಿತು. ಚೀಲ ಹೆಗಲಿಗೇರಿಸುವ ಮೊದಲೇ ಅಂಗಿ ಉಬ್ಬಿತು, ಕಣ್ಣಿಗೆ ಕೆಂಪು ಧೂಳು ಬಿತ್ತು. ಕೆಲಸದ ಅಭ್ಯಾಸದಿಂದ ಮನಸ್ಸು ತಾನಾಗಿ ಲೆಕ್ಕ ಹಾಕಿತು: ನೈಋತ್ಯದ ಗಾಳಿ, ವೇಗ ಇಪ್ಪತ್ತೆರಡು ನಾಟ್, ಆಗಾಗ ಮೂವತ್ತು. ಮೊಳಕಾಲ್ಮೂರಿನ ಮನೆಗೆ ಬಂದು ಮಗ್ಗದ ಕೋಣೆಯ ಬಾಗಿಲು ತೆಗೆದರೆ ಗಾಳಿಯ ಸದ್ದು ಹಿಂದೆ ಉಳಿದು, ರೇಷ್ಮೆ ನೂಲಿನ ಹಸಿ ವಾಸನೆ ಮೂಗಿಗೆ ಬಂತು. ಎರಡು ವರ್ಷದ ಹಿಂದೆ ಇದೇ ಗಾಳಿಕಾಲದಲ್ಲಿ ನಾನು ಈ ಕೋಣೆಯಲ್ಲಿ ಕಳೆದ ದಿನಗಳು ನೆನಪಾದವು. ಆ ವರ್ಷದ ದಿನಚರಿಯನ್ನು ಅಟ್ಟದ ಮೇಲಿನ ಪೆಟ್ಟಿಗೆಯಿಂದ ತೆಗೆದು ಎಣಿಸಿದೆ. ನಲವತ್ತೊಂದು ದಿನ.

ನಾನು ವಿಮಾನದ ಪೈಲಟ್. ಇನ್ನೂ ಕ್ಯಾಪ್ಟನ್ ಅಲ್ಲ, ಬಲಗಡೆಯ ಕುರ್ಚಿಯಲ್ಲಿ ಕೂರುವ ಕೋ-ಪೈಲಟ್. ನೇಕಾರರ ಮನೆಯವನು ಈ ಕೆಲಸಕ್ಕೆ ಹೇಗೆ ಬಂದೆ ಎಂದು ಕೇಳುವವರಿಗೆ ಒಂದೇ ಸಾಲಿನ ಉತ್ತರ ಕೊಡುತ್ತೇನೆ: ಸರ್ಕಾರದ ಸಹಾಯಧನ, ಬ್ಯಾಂಕಿನ ಸಾಲ, ಗಣಿತದಲ್ಲಿ ಒಳ್ಳೆಯ ಅಂಕ. ದಿನಚರಿ ಬರೆಯುವ ರೂಢಿ ಒಂಬತ್ತನೇ ತರಗತಿಯಿಂದ ಇದೆ. ಅದರಲ್ಲಿ ಮನಸ್ಸಿನ ಮಾತು ಕಡಿಮೆ. ತಾರೀಖು, ವೇಳೆ, ಎಣಿಕೆ ಹೆಚ್ಚು. ಕೆಲಸಕ್ಕೆ ಸೇರಿದ ಮೇಲೆ ಪ್ರತಿ ಪುಟದಲ್ಲೂ ನಾಲ್ಕು ಕಾಲಮ್ಮು ಎಳೆದುಕೊಂಡೆ. ಎದ್ದ ವೇಳೆ, ಡ್ಯೂಟಿಯ ಗಂಟೆ, ಹಾರಿದ ಗಂಟೆ, ನಿದ್ದೆ.

ಆ ವರ್ಷ ಜೂನ್ ನಾಲ್ಕು, ಮಂಗಳವಾರ. ಒಂದೇ ದಿನದ ನಾಲ್ಕು ಹಾರಾಟಗಳಲ್ಲಿ ಅದು ಕೊನೆಯದು, ಇಳಿಯುವ ಹಾದಿಯಲ್ಲಿದ್ದೆವು. ರೇಡಿಯೋಗೆ ಉತ್ತರ ಕೊಡುವುದು ಆಗ ನನ್ನ ಕೆಲಸ. ಕೆಳಗೆ ಟವರಿನವರು ನಮ್ಮನ್ನು ಕರೆದದ್ದು ನನಗೆ ಕೇಳಲಿಲ್ಲ. ಎಡಗಡೆಯಿಂದ ಕ್ಯಾಪ್ಟನ್ ಪ್ರಭಾಕರ್ ಉತ್ತರ ಕೊಟ್ಟ ದನಿಗೆ ನನಗೆ ಎಚ್ಚರವಾಯಿತು. 'ಇದು ಎರಡನೇ ಸಲ ಕರೆಯುತ್ತಿರುವುದು' ಎಂದು ಕೆಳಗಿನವರು ಹೇಳಿದ್ದರಿಂದ ಮೊದಲ ಸಲದ್ದು ಗೊತ್ತಾಯಿತು. ನನ್ನ ಕಣ್ಣು ತೆರೆದೇ ಇತ್ತು, ಕೈ ತೊಡೆಯ ಮೇಲಿತ್ತು. ಎಷ್ಟು ಸೆಕೆಂಡು ಹೋಗಿತ್ತೋ ತಿಳಿಯದು. ನನ್ನ ದಿನಚರಿಯಲ್ಲಿ ಎಣಿಕೆ ಸಿಗದೆ ಪ್ರಶ್ನೆ ಚಿಹ್ನೆ ಹಾಕಿದ ಜಾಗ ಅದೊಂದೇ. ಹಿಂದಿನ ನಾಲ್ಕು ರಾತ್ರಿಯ ನಿದ್ದೆ ಅದೇ ಪುಟದಲ್ಲಿದೆ: ಐದು ಗಂಟೆ ಹತ್ತು ನಿಮಿಷ, ನಾಲ್ಕೂ ನಲವತ್ತು, ನಾಲ್ಕೂ ಐವತ್ತು, ಮೂರೂ ಐವತ್ತೈದು.

ಮರುದಿನ ಐದೂ ನಲವತ್ತಕ್ಕೆ ಮತ್ತೆ ಹಾರಬೇಕಿತ್ತು. ಎರಡೂವರೆಗೆ ಎದ್ದು, ಸ್ನಾನ ಮಾಡಿ, ಯೂನಿಫಾರಂ ಹಾಕಿಕೊಂಡು, ಟೈ ಕಟ್ಟುವಾಗ ಗಂಟು ಹೇಗೆ ಹಾಕುವುದು ಎಂಬುದೇ ಹೊಳೆಯಲಿಲ್ಲ. ಕಂಪನಿಯ ಕಂಟ್ರೋಲ್ ರೂಮಿಗೆ ಫೋನ್ ಮಾಡಿ, 'ಫಟೀಗ್, ಹಾರಲಾರೆ' ಎಂದೆ.

'ಸಿಕ್ ಲೀವ್ ಅಂತ ಹಾಕ್ಲಾ ಸರ್?' ಎಂದರು ಆ ಕಡೆಯವರು.

'ಜ್ವರ ಇಲ್ಲ. ಫಟೀಗ್ ಅಂತಲೇ ಬರೀರಿ.'

'ಸರ್, ಇನ್ನೊಂದು ಸಲ ಯೋಚನೆ ಮಾಡಿ.'

ನಿಯಮದ ಪುಸ್ತಕದಲ್ಲಿ ಆ ಪದ ಇದೆ. ದಣಿದ ಪೈಲಟ್ ಹಾಗೆ ಹೇಳಬಹುದು, ಹೇಳಬೇಕು ಎಂದೇ ಬರೆದಿದೆ. ಬಾಯಿಬಿಟ್ಟು ಹೇಳಿದವರನ್ನು ಮಾತ್ರ ನಾನು ನೋಡಿರಲಿಲ್ಲ. ಬದಲಿ ಪೈಲಟ್ ಸಿಗುವ ತನಕ ವಿಮಾನ ತಡವಾಯಿತು. ಸಂಜೆಗೆ ನನ್ನ ಹೆಸರನ್ನು ಡ್ಯೂಟಿ ಪಟ್ಟಿಯಿಂದ ತೆಗೆದರು. ಮೂರನೇ ದಿನ ಆಫೀಸಿನಿಂದ ಒಂದು ಪತ್ರದ ಕರಡು ಬಂತು, ನಾನು ಬರೆದಂತೆಯೇ ಅವರು ಬರೆದದ್ದು: ವೈಯಕ್ತಿಕ ಕಾರಣಗಳಿಂದ ನನಗೆ ನಿದ್ದೆಯಾಗಿರಲಿಲ್ಲ, ಡ್ಯೂಟಿ ಪಟ್ಟಿಗೂ ಅದಕ್ಕೂ ಸಂಬಂಧವಿಲ್ಲ, ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ. ಜುಲೈ ಹತ್ತರೊಳಗೆ ಸಹಿ ಮಾಡಿ ಕಳಿಸಬೇಕು. ಕಳಿಸಿದರೆ ಕೆಲಸಕ್ಕೆ ವಾಪಸ್ಸು. ಆಗಸ್ಟಿನಲ್ಲಿ ಕ್ಯಾಪ್ಟನ್ ತರಬೇತಿಗೆ ಹೋಗುವವರ ಪಟ್ಟಿಯಲ್ಲಿ ನನ್ನ ಹೆಸರಿತ್ತು, ಅದೂ ಉಳಿಯುತ್ತದೆ. ಕಳಿಸದಿದ್ದರೆ ಏನಾಗುತ್ತದೆ ಎಂದು ಬರೆದಿರಲಿಲ್ಲ.

ಭಾನುವಾರ ಊರಿಗೆ ಬಂದೆ. ಮನೆಯಲ್ಲಿ ರಜೆ ಎಂದಷ್ಟೇ ಹೇಳಿದೆ.

'ಎಷ್ಟು ದಿನ?' ಎಂದ ಅಪ್ಪ, ಮಗ್ಗದ ಗುಂಡಿಯಿಂದ ತಲೆ ಎತ್ತದೆ.

'ನೋಡ್ಬೇಕು.'

'ನೋಡ್ಬೇಕು ಅನ್ನೋ ರಜಾ ಯಾವ ಕಂಪ್ನಿಯಾಗೈತೆ?' ಎಂದಳು ಅವ್ವ. ಮತ್ತೆ ಕೇಳಲಿಲ್ಲ.

ಮೊದಲ ನಾಲ್ಕು ದಿನ ನಾನು ಮನೆಯಲ್ಲಿ ಕೂರಲಾರದೆ ತಿರುಗಿದೆ. ಮೈ ಎರಡೂವರೆಗೇ ಏಳುತ್ತಿತ್ತು. ಬೆಳಕು ಹರಿಯುವ ಮೊದಲು ಕೋಟೆಯ ಬಂಡೆಗಳ ತನಕ ನಡೆದು ವಾಪಸ್ಸು ಬರುತ್ತಿದ್ದೆ. ಫೋನಿನಲ್ಲಿ ಡ್ಯೂಟಿ ಪಟ್ಟಿ ತೆಗೆದು, ಖಾಲಿ ಇದೆಯೆಂದು ಗೊತ್ತಿದ್ದೂ ಮತ್ತೆ ತೆಗೆಯುತ್ತಿದ್ದೆ. ಬೆಳಗ್ಗೆ ಏಳು ಗಂಟೆಯ ಹೊತ್ತಿಗೆ ನಮ್ಮೂರಿನ ಮೇಲೆ ಉತ್ತರಕ್ಕೆ ಹೋಗುವ ವಿಮಾನಗಳ ಬಿಳಿ ಗೆರೆ ಕಾಣುತ್ತಿದ್ದವು. ಅವುಗಳಲ್ಲಿ ನಮ್ಮ ಕಂಪನಿಯವು ಎಷ್ಟು ಎಂದು ವೇಳೆ ನೋಡಿ ಎಣಿಸಿದ್ದೇನೆ. ಹನ್ನೊಂದನೇ ತಾರೀಖಿನ ಪುಟದಲ್ಲಿ ಬರೀ ಅದೇ ಇದೆ: ಗೆರೆ ಐದು, ನಮ್ಮವು ಎರಡು, ನಡೆದದ್ದು ಹದಿನಾಲ್ಕು ಸಾವಿರ ಹೆಜ್ಜೆ. ಕ್ಯಾಪ್ಟನ್ ಪ್ರಭಾಕರ್ ಅದೇ ದಿನ ಫೋನ್ ಮಾಡಿದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ದಾವಣಗೆರೆಯವರು. ಕಾಕ್‌ಪಿಟ್ಟಿನ ಹೊರಗೆ ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು.

'ಸಹಿ ಹಾಕಿ ಕಳಿಸಿಬಿಡಪ್ಪ. ಒಂದು ಕಾಗದ ಅಷ್ಟೇ. ನಾವೆಲ್ಲ ಒಂದಲ್ಲ ಒಂದು ಸಲ ಹಾಕಿದೀವಿ.'

'ಅದರಲ್ಲಿರೋದು ಸುಳ್ಳು ಸರ್.'

'ಸುಳ್ಳು ಅಂತ ನಿಂಗೆ ಗೊತ್ತು, ಅವರಿಗೂ ಗೊತ್ತು. ಇನ್ನು ಯಾರಿಗೆ ಗೊತ್ತಾಗಬೇಕು?'

ನೋಡುತ್ತೇನೆ ಸರ್ ಎಂದೆ.

ಹನ್ನೆರಡರಂದು ಅವ್ವ ನೀರಿನ ಕೊಡ ಇಳಿಸುವಾಗ ಜಾರಿ ಬಲ ಮುಂಗೈ ಉಳುಕಿಸಿಕೊಂಡಳು. ಊತ ಮೊಣಕೈ ತನಕ ಏರಿತು. ಮಗ್ಗದ ಮೇಲೆ ಒಂದು ಸೀರೆ ಅರ್ಧ ಆಗಿತ್ತು, ಎಲೆಹಸಿರು ಒಡಲು, ಕುಂಕುಮದ ಬಣ್ಣದ ಅಂಚು. ನಮ್ಮ ಕಡೆಯ ಇಂಥ ಸೀರೆಯಲ್ಲಿ ಒಡಲಿಗೆ ಅಡ್ಡ ಎಳೆ ಒಯ್ಯುವ ಒಂದು ಲಾಳಿ, ಎರಡು ಬದಿಯ ಅಂಚಿಗೆ ಎರಡು ಲಾಳಿ, ಒಟ್ಟು ಮೂರು. ಗುಂಡಿಯಲ್ಲಿ ಕೂತು ತುಳಿಯುವ ನೇಕಾರ ಎಡ ಅಂಚಿನ ಲಾಳಿಯನ್ನೂ ಒಡಲಿನ ಲಾಳಿಯನ್ನೂ ಎಸೆಯುತ್ತಾನೆ. ಬಲ ಅಂಚಿನದನ್ನು ಎಸೆಯಲು ಬಲಗಡೆ ಇನ್ನೊಬ್ಬರು ಕೂರಲೇಬೇಕು. ಒಡಲಿನ ಎಳೆಯನ್ನೂ ಅಂಚಿನ ಎಳೆಯನ್ನೂ ಪ್ರತಿ ಸಲ ಒಂದಕ್ಕೊಂದು ಕೊಂಡಿ ಹಾಕಿಸುವುದು ಅವರ ಕೈ. ನಮ್ಮ ಓಣಿಯ ಎಲ್ಲ ಮನೆಗಳಲ್ಲೂ ಆ ಜಾಗ ಹೆಂಗಸರದು. ಸೀರೆಗೆ ಸಿಗುವ ಕೂಲಿ ಒಂದೇ, ಅದನ್ನು ನೇಕಾರನ ಹೆಸರಿಗೆ ಬರೆಯುತ್ತಾರೆ. ಅವ್ವ ಮೂವತ್ತೊಂದು ವರ್ಷ ಬಲಗಡೆ ಕೂತಿದ್ದಾಳೆ, ಅವಳ ಹೆಸರಿಗೆ ಒಂದು ದಿನದ ಕೂಲಿಯನ್ನೂ ಯಾರೂ ಬರೆದಿಲ್ಲ.

'ನಾನು ಕೂರ್ತೀನಿ' ಎಂದೆ.

ಅಪ್ಪ ನನ್ನ ಕೈಗಳನ್ನು ನೋಡಿದ. 'ಎಳೆ ಹರೀದಿದ್ರೆ ಸಾಕು.'

ಚಿಕ್ಕಂದಿನಲ್ಲಿ ಕಲಿತದ್ದು ಮೂರು ದಿನದಲ್ಲಿ ಕೈಗೆ ಬಂತು. ದಿನಚರಿಗೆ ಕಾಲಮ್ಮೂ ಬಂದವು: ಕೂತ ಗಂಟೆ, ನೇಯ್ದ ಅಳತೆ, ಹರಿದ ಎಳೆ. ತಿರುಗುತ್ತಿದ್ದ ಕಾಲಿಗೆ ಒಂದು ಜಾಗ ಸಿಕ್ಕಿತ್ತು, ತಲೆಗೆ ಸಿಕ್ಕಿರಲಿಲ್ಲ. ಲಾಳಿ ಎಸೆಯುತ್ತಲೇ ಆ ಪತ್ರದ ಸಾಲುಗಳನ್ನು ಒಳಗೇ ತಿದ್ದುತ್ತಿದ್ದೆ.

ಪಕ್ಕದ ಮನೆಯ ಓಬಳೇಶಣ್ಣ ಚಳ್ಳಕೆರೆ-ರಾಯದುರ್ಗದ ಖಾಸಗಿ ಬಸ್ಸಿನ ಡ್ರೈವರ್, ಅಪ್ಪನ ಗೆಳೆಯ. ಒಂದು ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದವನು ನಾನು ಕೂತಿದ್ದನ್ನು ನೋಡಿ ಬಾಗಿಲಲ್ಲೇ ನಿಂತ.

'ಏಮಿ ಪೈಲಟ್ ಸಾರೂ, ಬಾಗುನ್ನಾವಾ?' ಎಂದ. ಚೆನ್ನಾಗಿದ್ದೀಯಾ ಎಂದು ಕೇಳುವಾಗಲೂ ನಮ್ಮ ಕಡೆ ತೆಲುಗು ಹಾಗೆ ಮಾತಿನ ನಡುವೆ ಬಂದು ಹೋಗುತ್ತದೆ. 'ಪ್ಲೇನಿನಾಗೂ ಬಲಗಡೆ, ಇಲ್ಲೂ ಬಲಗಡೆ. ಎಡಗಡೆ ಕುಂದ್ರೋಕೆ ಯಾವ ಕಾಲಕ್ಕೆ ಬಿಡ್ತಾರಲೇ ನಿನ್ನ?'

'ಅವನ ಕೆಲ್ಸ ಕೆಡಿಸ್ಬೇಡ, ಬಾ, ಕುಂತ್ಕ' ಎಂದ ಅಪ್ಪ.

ಅವ್ವ ಎಡಗೈಯಲ್ಲೇ ಟೀ ತಂದಳು. ಓಬಳೇಶಣ್ಣ ಗೋಡೆಗೆ ಒರಗಿದ. 'ಅಲ್ಲಪ್ಪ, ನಿಂಗೆ ತಿಂಗಳ ಸಂಬಳ ಐತಲ್ಲ, ಗಂಟೆ ಲೆಕ್ಕವೋ, ಟ್ರಿಪ್ ಲೆಕ್ಕವೋ?'

'ಸ್ವಲ್ಪ ತಿಂಗಳ ಲೆಕ್ಕ, ಮಿಕ್ಕಿದ್ದು ಹಾರಿದ ಗಂಟೆ ಲೆಕ್ಕ ಓಬಳೇಶಣ್ಣ. ಗಾಲಿಗೆ ಅಡ್ಡ ಇಟ್ಟಿರೋ ದಿಮ್ಮಿ ತೆಗೆದಾಗಿನಿಂದ ಮತ್ತೆ ಇಡೋ ತನಕ.'

'ಅದಕ್ಕೂ ಮುಂಚೆ ಹೋಗಿ ಕಾಯೋದು?'

'ಅದು ಲೆಕ್ಕಕ್ಕಿಲ್ಲ.'

'ನಂದೂ ಹಂಗೇ. ಬಸ್ ಸ್ಟ್ಯಾಂಡಿನಾಗೆ ಎರಡು ತಾಸು ಕಾಯ್ತೀನಿ, ಓನರ್ನ ಕೇಳಿದ್ರೆ ಬಸ್ ಓಡಿಲ್ವಲ್ಲ ಅಂತಾನೆ.' ಅವನಿಗೆ ಖುಷಿಯಾಗಿತ್ತು. 'ಕರಿಯಣ್ಣ, ನಿನ್ನ ಮಗನೂ ನಮ್ಮ ಜಾತಿನೇ ಬಿಡು.'

'ಮಗ್ಗಕ್ಕೆ ಹೊಸ ಹಾಸಿನ ಎಳೆ ಕೂಡಿಸೋಕೆ ನಂಗೆ ಎರಡು ದಿನ ಹಿಡೀತೈತೆ. ಅದಕ್ಕೆ ಯಾರು ಕೊಡ್ತಾರೆ?' ಎಂದ ಅಪ್ಪ. 'ಸೀರೆ ಆದ್ರೆ ಕೂಲಿ.'

'ಆದ್ರೂ ಇವನಿಗೆ ನಮ್ಮ ಮೂರು ವರ್ಷದ್ದು ಮೂರು ತಿಂಗಳಿಗೆ ಬರ್ತೈತೆ. ಬರಲ್ಲ ಅಂತ ಹೇಳು ನೋಡಾನ.' ಅದು ನಿಜ. ಸಂಬಳದ ಬಗ್ಗೆ ನನಗೆ ದೂರಿಲ್ಲ. ಆ ಕರಡು ಪತ್ರವನ್ನು ಓಬಳೇಶಣ್ಣನಿಗೆ ತೋರಿಸಿದ್ದರೆ ಹಾಕು ಸಹಿ ಎನ್ನುತ್ತಿದ್ದನೇನೋ. ಅವನು ಟೀ ಲೋಟ ಇಟ್ಟು ಎದ್ದ. 'ಹುಷಾರಪ್ಪ. ಚಳ್ಳಕೆರೆ ಕಡೆ ಸರ್ಕಾರದೋರು ಬೇಲಿ ಹಾಕ್ಕೊಂಡು ಪೈಲಟ್ ಇಲ್ದಿರೋ ವಿಮಾನ ಹಾರಿಸ್ತಾವ್ರೆ. ಅದಕ್ಕೆ ಸಂಬಳನೂ ಬೇಡ, ನಿದ್ದೆನೂ ಬರಲ್ಲ.'

ಎಲ್ಲರೂ ನಕ್ಕರು. ನಿದ್ದೆ ಎಂಬ ಪದಕ್ಕೆ ನನ್ನ ಕೈ ತಪ್ಪಿ ಒಂದು ಎಳೆ ಹರಿಯಿತು. ಬರೆದಿಟ್ಟಿದ್ದೇನೆ: ಜೂನ್ ಹತ್ತೊಂಬತ್ತು, ಹರಿದ ಎಳೆ ಒಂದು.

ಬಲಗಡೆ ಕೂರುವವರಿಗೆ ನಮ್ಮ ಮನೆಯಲ್ಲಿ ಒಂದು ಮಾತಿದೆ. ಕಣ್ಣು ಮಂಜಾದರೆ, ತೋಳು ಸೋತರೆ, ಬೇಜಾರಾದರೆ ಲಾಳಿಯನ್ನು ನೇಯ್ದ ಬಟ್ಟೆಯ ಮೇಲಿಟ್ಟು 'ಲಾಳಿ ಇಟ್ಟೆ' ಎನ್ನಬೇಕು. ಅಂದ ಕೂಡಲೇ ನೇಕಾರನ ಕಾಲು ತುಳಿಯುವುದನ್ನು ನಿಲ್ಲಿಸುತ್ತದೆ. ಯಾಕೆ ಎಂದು ಅವನು ಕೇಳುವಂತಿಲ್ಲ. ಅವ್ವ ದಿನಕ್ಕೆ ಆರೇಳು ಸಲ ಹಾಗೆ ಹೇಳಿ ಎದ್ದು ಹೋಗುವುದನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ. ಒಲೆಯ ಮೇಲಿನ ಸಾರು ನೋಡಲು ಹೋಗುತ್ತಾಳೆ ಎಂದುಕೊಂಡಿದ್ದೆ. ನಾನು ಕೂತ ಮೊದಲ ದಿನವೇ ಅಪ್ಪ ನೆನಪಿಸಿದ್ದ, 'ಸುಸ್ತಾದ್ರೆ ಲಾಳಿ ಇಡು.' ನಾನು ಅದಕ್ಕೂ ಒಂದು ಕಾಲಮ್ಮು ಎಳೆದೆ. ಲಾಳಿ ಇಟ್ಟದ್ದು: ಸೊನ್ನೆ. ಮರುದಿನ ಸೊನ್ನೆ. ಒಂದು ವಾರ ಸೊನ್ನೆ. ಆ ಕಾಲಮ್ಮು ನೋಡಿ ನನಗೆ ಹೆಮ್ಮೆಯಾಗುತ್ತಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಎರಡೂವರೆಗೆ ಎದ್ದ ಮೈ ಸೋತು ಕಣ್ಣು ಎಳೆಯುತ್ತಿತ್ತು, ಹುಬ್ಬು ಚಿವುಟಿಕೊಂಡು ಎಸೆಯುತ್ತಿದ್ದೆ. ಬೆಳಗ್ಗೆಯಿಂದ ಅಪ್ಪನೂ ಮಗ್ಗ ಬಿಟ್ಟು ಎದ್ದಿರಲಿಲ್ಲವಲ್ಲ.

ಜುಲೈ ಮೂರು, ಬುಧವಾರ. ನೇಯ್ದ ಬಟ್ಟೆಯನ್ನು ಮುಂದಿನ ಮರದ ದಿಂಡಿಗೆ ಸುತ್ತಲು ಅಪ್ಪ ಬಿಗಿ ಸಡಿಲಿಸಿದ. ಬಿಗಿಯಲ್ಲಿರುವಾಗ ಕಾಣದ್ದು ಸಡಿಲಿಸಿದಾಗ ಕಾಣುತ್ತದೆ. ಬಲ ಅಂಚಿಗೂ ಒಡಲಿಗೂ ನಡುವೆ ನಾಲ್ಕು ಬೆರಳುದ್ದದ ಸೀಳು. ಅಲ್ಲಿ ಎಳೆ ಎಳೆಗೆ ಕೊಂಡಿ ಬಿದ್ದಿರಲಿಲ್ಲ. ನನ್ನ ಲಾಳಿ ಹೋಗಿತ್ತು, ಬಂದಿತ್ತು, ಹಿಡಿಯಬೇಕಾದ್ದನ್ನು ಹಿಡಿದಿರಲಿಲ್ಲ. ಅದರಾಚೆ ಒಂದು ಮೊಳ ಸರಿಯಾಗಿ ನೇಯ್ದಾಗಿತ್ತು. ಅಷ್ಟನ್ನೂ ಬಿಚ್ಚಬೇಕು.

ಅಪ್ಪ ಸೀಳಿನಲ್ಲಿ ಬೆರಳು ತೂರಿಸಿ ನೋಡಿದ. ಕೋಪವಿರಲಿಲ್ಲ. 'ಇದು ಯಾವತ್ತಿಂದು?'

ಅಳತೆಯಿಂದ ಹಿಂದಕ್ಕೆ ಎಣಿಸಿದರೆ ಸೋಮವಾರ ಮಧ್ಯಾಹ್ನದ್ದು. ದಿನಚರಿ ತಂದು ತೋರಿಸಿದೆ. ಅಪ್ಪ ಕನ್ನಡಕ ಹಾಕಿಕೊಂಡು ಕಾಲಮ್ಮುಗಳನ್ನು ನಿಧಾನ ಓದಿದ, ಒಂದೊಂದರ ಮೇಲೂ ಬೆರಳಿಟ್ಟು.

'ಇದೇನು, ಲಾಳಿ ಇಟ್ಟದ್ದು ಸೊನ್ನೆ?'

'ಒಂದ್ಸಲನೂ ಇಟ್ಟಿಲ್ಲ.'

'ಇಪ್ಪತ್ತು ದಿನದಾಗೆ ಒಂದ್ಸಲನೂ ಕಣ್ಣು ಎಳೀಲಿಲ್ವಾ?'

'ಎಳೀತು. ನೀನು ಕುಂತಿದ್ಯಲ್ಲ.'

'ನಾನು ಕುಂದ್ರೋದು ನಿನ್ನ ನಂಬ್ಕೊಂಡು. ನನ್ನ ಕಣ್ಣು ಎಡಗಡೆ ಅಂಚಿನ ಮ್ಯಾಲಿರ್ತೈತೆ. ಬಲಗಡೆದು ನಂಗೆ ಕಾಣಲ್ಲ.' ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟ. 'ನಿಮ್ಮವ್ವ ಲಾಳಿ ಇಟ್ಟಾಗ ನಂಗೆ ಧೈರ್ಯ. ಈ ಸೊನ್ನೆ ನೋಡಿದ್ರೆ ಭಯ ಆಗ್ತೈತೆ. ಅಲ್ಲೂ ಹಿಂಗೇನಾ ನೀನು?'

ಅವ್ವ ಬಾಗಿಲಲ್ಲಿ ನಿಂತಿದ್ದಳು. ಉಳುಕಿದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೇಳುತ್ತಿದ್ದಳು. ಆಗ ಎಲ್ಲವನ್ನೂ ಹೇಳಿದೆ. ರೇಡಿಯೋ, ಟೈ, ಫೋನು, ಕರಡು ಪತ್ರ, ಆಗಸ್ಟಿನ ಪಟ್ಟಿ. ಹೇಳಿ ಮುಗಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಇಪ್ಪತ್ತನಾಲ್ಕು ದಿನ ಬಾಯಲ್ಲಿಟ್ಟುಕೊಂಡಿದ್ದ ಮಾತು ಅಷ್ಟೇ ಇತ್ತು.

'ಅಲ್ಲಿ ಒಂದ್ಸಲ ಇಟ್ಟಿದ್ದಿ' ಎಂದಳು ಅವ್ವ.

'ಇಟ್ಟಿದ್ದೆ ಅವ್ವ. ಇಟ್ಟಿಲ್ಲ ಅಂತ ಬರ್ಕೊಡು ಅಂತಾವ್ರೆ.'

ಬಿಚ್ಚಲು ಆ ದಿನವೂ ಮರುದಿನವೂ ಹೋಯಿತು. ರೇಷ್ಮೆ ಎಳೆಯನ್ನು ಹರಿಯದಂತೆ ಒಂದೊಂದಾಗಿ ಹಿಂದಕ್ಕೆ ಎಳೆಯುವುದು ನೇಯುವುದಕ್ಕಿಂತ ಕಷ್ಟ. ನಾನು ಮೂರು ಸಲ 'ಲಾಳಿ ಇಟ್ಟೆ' ಎನ್ನಲು ಬಾಯಿ ತೆಗೆದೆ, ಬಿಚ್ಚುವಾಗ ಲಾಳಿ ಇರುವುದಿಲ್ಲ ಎಂದು ನೆನಪಾಗಿ ಸುಮ್ಮನೆ ಎದ್ದು ಹೋಗಿ ನೀರು ಕುಡಿದು ಬಂದೆ. ಯಾಕೆ ಎಂದು ಅಪ್ಪ ಕೇಳಲಿಲ್ಲ.

ಶುಕ್ರವಾರ ಅಮಾವಾಸ್ಯೆ. ಅಮಾವಾಸ್ಯೆಯ ದಿನ ನಮ್ಮಲ್ಲಿ ಮಗ್ಗ ಹೂಡುವುದಿಲ್ಲ. ಪೂಜೆ ಮಾಡಿ, ಊದಿನಕಡ್ಡಿ ಹಚ್ಚಿ, ಹಾಗೆಯೇ ಬಿಡುತ್ತಾರೆ. ಎಂಥ ಅವಸರದ ಮದುವೆ ಸೀರೆಯಾದರೂ ಅಷ್ಟೇ. ನನಗೆ ಮನೆಯಲ್ಲಿ ನಿಲ್ಲಲಾಗದೆ ಓಬಳೇಶಣ್ಣನ ಬಸ್ಸಿನಲ್ಲಿ ಚಳ್ಳಕೆರೆಗೆ ಹೊರಟೆ. ದಿನಚರಿಯ ಪುಟಗಳನ್ನು ಸ್ಕ್ಯಾನ್ ಮಾಡಿಸುವುದು ಒಂದು ನೆಪ, ಅದು ಊರಿನಲ್ಲೂ ಆಗುತ್ತಿತ್ತು. ಬಾನೆಟ್ ಪಕ್ಕದ ಸೀಟಿನಲ್ಲಿ ಕೂತೆ. ಬಿ.ಜಿ. ಕೆರೆಯಲ್ಲಿ ಬಸ್ಸು ನಿಂತಾಗ ಓಬಳೇಶಣ್ಣ ಬಾಟಲಿಯ ನೀರನ್ನು ಕಿಟಕಿಯಿಂದ ಹೊರಗೆ ತಲೆ ಹಾಕಿ ಮುಖಕ್ಕೆ ಸುರಿದುಕೊಂಡ.

'ನಿಮ್ಮಪ್ಪ ಹೇಳ್ದ' ಎಂದ, ಟವೆಲ್ಲಿನಿಂದ ಒರೆಸಿಕೊಳ್ಳುತ್ತ. 'ನಿಂಗೆ ಬರೆಯೋಕೆ ಒಂದು ಕಾಗದನಾದ್ರೂ ಐತೆ. ನಾನು ಯಾರಿಗೆ ಬರೀಲಿ? ನಿನ್ನೆ ಬಳ್ಳಾರಿಗೆ ಸ್ಪೆಷಲ್ ಮದ್ವೆ ಟ್ರಿಪ್ಪು, ಮಲಗಿದ್ದು ಮೂರು ಗಂಟೆ. ಬರಲ್ಲ ಅಂದ್ರೆ ಓನರ್ ಇನ್ನೊಬ್ಬನ್ನ ಹತ್ತಿಸ್ತಾನೆ.'

'ಹತ್ತು ನಿಮಿಷ ಮಲಗಿ ಓಬಳೇಶಣ್ಣ.'

'ಹಿಂದೆ ಕುಂತೋರಿಗೆ ನೀನು ಹೇಳ್ತೀಯಾ?'

ಹಿಂದೆ ಬಸ್ಸು ತುಂಬಿತ್ತು. ಕಂಡಕ್ಟರ್ ಸೀಟಿ ಊದಿದ. ಓಬಳೇಶಣ್ಣ ಗೇರು ಹಾಕಿದ. ತಳಕು ದಾಟುವ ತನಕ ನಾನು ರಸ್ತೆ ನೋಡಲಿಲ್ಲ, ಅವನ ರೆಪ್ಪೆ ನೋಡುತ್ತ ಕೂತೆ. ಅವನಿಗೆ ಅದು ಗೊತ್ತಾಗಿ, 'ಏನಲೇ, ನನ್ನ ಮುಖದಾಗೆ ಸಿನಿಮಾ ನಡೀತೈತಾ?' ಎಂದ. ಮಾತಾಡಿಸುತ್ತಲೇ ಇರಬೇಕೆಂದು ಅವನ ಮಕ್ಕಳ ಓದು, ಟೈರಿನ ರೇಟು, ಶೇಂಗಾ ಬಿತ್ತನೆ, ತೋಚಿದ್ದೆಲ್ಲ ಕೇಳಿದೆ. ಚಳ್ಳಕೆರೆಯಲ್ಲಿ ಇಳಿದೆ. ನನ್ನ ಹಿಂದೆ ಕೂರುವವರು ನೂರ ಎಂಬತ್ತು ಜನ, ಅವರಿಗೆ ನನ್ನ ರೆಪ್ಪೆ ಕಾಣುವುದಿಲ್ಲ ಎಂದು ಅವತ್ತಿನ ಪುಟದಲ್ಲಿ ಬರೆದಿದ್ದೇನೆ. ಆ ಪುಸ್ತಕದಲ್ಲಿ ಮನಸ್ಸಿನ ಮಾತು ಬಂದಿರುವುದು ಅಪರೂಪ.

ಸಂಜೆ ಮನೆಗೆ ಬಂದು ಪತ್ರ ಬರೆಯಲು ಕೂತೆ. ಎರಡು ದಿನ ಬರೆದೆ. ನಿಯಮದ ಕಲಮುಗಳು, ಇಪ್ಪತ್ತೆಂಟು ದಿನದ ಡ್ಯೂಟಿಯ ಕೋಷ್ಟಕ, ಮೊದಲಿನ ಪ್ರಶಂಸೆಗಳು, ಕ್ಷಮೆ, ಕ್ಷಮೆಗೆ ಕಾರಣ. ಎರಡು ಪುಟ ಇಂಗ್ಲಿಷಾಯಿತು. ಭಾನುವಾರ ಅಪ್ಪ ಪಕ್ಕದಲ್ಲಿ ಕೂತ.

'ಇದರಾಗೆ ಏನು ಬರ್ದಿದ್ದೀಯ, ನಮ್ಮ ಮಾತಿನಾಗೆ ಹೇಳು.'

ಕನ್ನಡದಲ್ಲಿ ಹೇಳಲು ಹೊರಟೆ. ಮೊದಲ ಪ್ಯಾರಾಕ್ಕೆ ಕನ್ನಡದಲ್ಲಿ ಹೇಳುವಂಥದ್ದೇನೂ ಇರಲಿಲ್ಲ. ಎರಡನೆಯದಕ್ಕೂ ಇರಲಿಲ್ಲ. ತಡವರಿಸಿ, 'ದಣಿದಿದ್ದೆ ಅಂತ' ಎಂದೆ.

'ಅಷ್ಟೇನಾ?'

'ಅಷ್ಟೇ. ಯಾಕೆ ದಣಿದಿದ್ದೆ ಅನ್ನೋ ಲೆಕ್ಕ.'

'ಮತ್ತೆ ಎರಡು ಹಾಳೆ ಯಾಕೆ? ತಪ್ಪು ಮಾಡಿದೋನು ಬರ್ದಂಗೈತೆ.'

ಎರಡು ಹಾಳೆಯನ್ನೂ ಅಳಿಸಿ ನಾಲ್ಕು ಸಾಲು ಬರೆದೆ. ಜೂನ್ ನಾಲ್ಕರಂದು ಇಳಿಯುವಾಗ ನಾನು ಕೆಲವು ಸೆಕೆಂಡು ಎಚ್ಚರವಿರಲಿಲ್ಲ. ಐದರಂದು ಹಾರುವ ಸ್ಥಿತಿಯಲ್ಲಿರಲಿಲ್ಲ. ಕಾರಣ ದಣಿವು, ಹಿಂದಿನ ಇಪ್ಪತ್ತೆಂಟು ದಿನದ ಡ್ಯೂಟಿ ಮತ್ತು ನಿದ್ದೆಯ ವಿವರ ಜೊತೆಗಿದೆ. ನೀವು ಕಳಿಸಿದ ಕರಡಿಗೆ ಸಹಿ ಹಾಕಲಾರೆ.

ಕಳಿಸುವ ಮೊದಲು ಕ್ಯಾಪ್ಟನ್ ಪ್ರಭಾಕರ್ ಅವರಿಗೆ ಫೋನ್ ಮಾಡಿದೆ. ಆ ವಿಮಾನ ಅವರದೂ ಹೌದು, ತಿಳಿಸದೆ ಕಳಿಸುವುದು ಸರಿಯಲ್ಲ. ನಾಲ್ಕು ಸಾಲನ್ನೂ ಓದಿದೆ. ಲೈನ್ ಹೋಯಿತೆಂದುಕೊಂಡು ಅಂಗಳಕ್ಕೆ ಬಂದೆ.

'ಕೇಳಿಸ್ತಿದೆಯಾ ಸರ್?'

'ಕೇಳಿಸ್ತಿದೆ' ಎಂದರು. 'ಆ ಮೊದಲನೇ ಸಲ ಕರೆದದ್ದು ನನಗೂ ಕೇಳಿರಲಿಲ್ಲ.'

ಆ ಹೊತ್ತಿನ ತನಕ ನನ್ನ ಲೆಕ್ಕದಲ್ಲಿ ಆ ಸೆಕೆಂಡುಗಳಲ್ಲಿ ಒಬ್ಬರಾದರೂ ಎಚ್ಚರವಿದ್ದರು.

'ಎರಡನೇದಕ್ಕೆ ಎಚ್ಚರ ಆಯ್ತು. ನಿನಗಿಂತ ಅರ್ಧ ಸೆಕೆಂಡು ಮುಂಚೆ ಅಷ್ಟೇ. ನಿನಗೆ ಸಹಿ ಹಾಕು ಅಂದಿದ್ದು ನಿನಗೋಸ್ಕರ ಅಂದ್ಕೊಂಡಿದ್ಯಾ?' ಅವರ ದನಿ ಸಣ್ಣದಾಯಿತು. 'ನನಗೆ ನಲವತ್ತೇಳು. ಒಂದು ಪ್ರಶ್ನೆ ಬಂದರೆ ಮೆಡಿಕಲ್ ಟೆಸ್ಟು, ಆಮೇಲೆ ಮನೆಗೆ ಕಳಿಸ್ತಾರೆ. ನನ್ನ ವಿಷಯ ಅದರಲ್ಲಿ ಬರೀಬೇಡ.'

'ಬರೆದಿಲ್ಲ ಸರ್. ನನಗೆ ಗೊತ್ತೇ ಇರಲಿಲ್ಲ.'

'ಈಗ ಗೊತ್ತಾಯ್ತಲ್ಲ.'

ಆ ಸಂಜೆಯೆಲ್ಲ ಅಂಗಳದಲ್ಲಿ ತಿರುಗಿದೆ. ಗೊತ್ತಿದ್ದೂ ಬರೆಯದಿದ್ದರೆ ನನ್ನ ಪತ್ರವೂ ಆಫೀಸಿನವರು ಕಳಿಸಿದ ಕರಡಿನಂಥದ್ದೇ ಅಲ್ಲವೇ ಎಂದು ಒಂದು ಕಡೆ. ಕ್ಯಾಪ್ಟನ್ ಮಾತನ್ನು ಅವರೇ ಹೇಳಬೇಕು, ನಾನು ಅವರ ಪರವಾಗಿ ಹೇಳಿದರೆ ಅದು ಚಾಡಿ ಎಂದು ಇನ್ನೊಂದು ಕಡೆ. ಅವ್ವ ಎರಡು ಸಲ ಊಟಕ್ಕೆ ಕರೆದಳು. ಕೊನೆಗೆ ನಾಲ್ಕು ಸಾಲನ್ನು ಹಾಗೆಯೇ ಕಳಿಸಿದೆ. ಜುಲೈ ಏಳು, ಭಾನುವಾರ, ಎಂಟೂ ಹದಿನೈದು. ಸರಿ ಮಾಡಿದೆನೆಂದು ಅವತ್ತೂ ಅನ್ನಿಸಲಿಲ್ಲ, ಇವತ್ತೂ ಪೂರ್ತಿ ಅನ್ನಿಸುವುದಿಲ್ಲ.

ಹಸಿರು ಸೀರೆ ಮುಗಿಯಿತು. ಅವ್ವನ ಕೈ ಇಳಿಯಿತು. ಜುಲೈ ಹತ್ತೊಂಬತ್ತಕ್ಕೆ ಆಫೀಸಿನಿಂದ ಕರೆ ಬಂತು, ಇಪ್ಪತ್ತಕ್ಕೆ ಹೊರಟೆ. ವಿಚಾರಣೆಯ ಕೋಣೆಯಲ್ಲಿ ಮೂವರಿದ್ದರು. ನನ್ನ ಕೋಷ್ಟಕವನ್ನು ಯಾರೂ ತಪ್ಪು ಎನ್ನಲಿಲ್ಲ. ಪತ್ರದಲ್ಲಿ ಬದಲಾಯಿಸುವುದೇನಾದರೂ ಇದೆಯೇ ಎಂದು ಎರಡು ಸಲ ಕೇಳಿದರು, ಎರಡು ಸಲವೂ ಇಲ್ಲ ಎಂದೆ. ಒಂದು ವಾರದ ಮೇಲೆ ಡ್ಯೂಟಿ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಆಗಸ್ಟಿನ ತರಬೇತಿಯ ಪಟ್ಟಿಯಲ್ಲಿ ಬರಲಿಲ್ಲ, ಮರುವರ್ಷವೂ ಬರಲಿಲ್ಲ. ನನ್ನ ಜೊತೆ ಸೇರಿದ ಒಂಬತ್ತು ಜನರಲ್ಲಿ ಏಳು ಜನ ಈಗ ಎಡಗಡೆ ಕೂರುತ್ತಾರೆ. ಅವರಲ್ಲಿ ಇಬ್ಬರ ಬಲಗಡೆ ನಾನೇ ಕೂತು ಹಾರಿದ್ದೇನೆ. ಹೊಟ್ಟೆಕಿಚ್ಚಿಲ್ಲ ಎಂದರೆ ಸುಳ್ಳಾಗುತ್ತದೆ. ಕ್ಯಾಪ್ಟನ್ ಪ್ರಭಾಕರ್ ಜೊತೆ ಮತ್ತೆ ನನಗೆ ಡ್ಯೂಟಿ ಬಿದ್ದಿಲ್ಲ. ಒಮ್ಮೆ ಏರ್‌ಪೋರ್ಟಿನ ಬಸ್ಸಿನಲ್ಲಿ ಕಂಡರು, ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದರು.

ಆಮೇಲೆ ಒಂದು ರೂಢಿ ಮಾಡಿಕೊಂಡೆ. ಕಾಕ್‌ಪಿಟ್ಟಿಗೆ ಹತ್ತಿದ ಕೂಡಲೇ, ಹಾರುವ ಮುಂಚಿನ ತಪಾಸಣೆಯ ಪಟ್ಟಿ ಓದುವ ಮೊದಲು, ಎಡಗಡೆಯವರನ್ನು ಕೇಳುತ್ತೇನೆ: 'ನಿದ್ದೆ ಆಗಿದೆಯಾ ಸರ್?' ನನ್ನ ನಿದ್ದೆ ಎಷ್ಟು ಗಂಟೆ ಎಂದೂ ಹೇಳುತ್ತೇನೆ. ಹೆಚ್ಚಿನವರು ನಗುತ್ತಾರೆ. ಇವನಿಗೊಂದು ಹುಚ್ಚು ಎಂಬ ಹೆಸರು ಬಂದಿದೆ. ಕೆಲವರಿಗೆ ಸಿಟ್ಟು ಬರುತ್ತದೆ, ಒಬ್ಬರು 'ನಾನೇನು ಡಾಕ್ಟರ ಬಳಿಗೆ ಬಂದಿದ್ದೇನಾ' ಎಂದು ಕೇಳಿದ್ದರು. ಈ ಎರಡು ವರ್ಷದಲ್ಲಿ ಆರುನೂರ ಹನ್ನೆರಡು ಸಲ ಕೇಳಿದ್ದೇನೆ. ಆರುನೂರ ಹನ್ನೊಂದು ಸಲ ಆಗಿದೆ ಎಂಬ ಉತ್ತರವೇ ಬಂತು.

ಕಳೆದ ವಾರ, ಗುರುವಾರ ಬೆಳಗ್ಗೆ, ನಾನು ಹಿಂದೆಂದೂ ಜೊತೆಗೆ ಹಾರದ ಒಬ್ಬ ಕ್ಯಾಪ್ಟನ್. ಪ್ರಯಾಣಿಕರು ಇನ್ನೂ ಹತ್ತುತ್ತಿದ್ದರು, ಬಾಗಿಲು ಹಾಕಿರಲಿಲ್ಲ. ಕೇಳಿದೆ. ಅವರು ನಗಲಿಲ್ಲ. ಎದುರಿನ ಗಾಜಿನ ಆಚೆ ನೋಡುತ್ತ, 'ಇಲ್ಲ' ಎಂದರು.

ನಾನು ಯಾಕೆ ಎಂದು ಕೇಳಲಿಲ್ಲ. ಫೋನ್ ತೆಗೆದು ಕಂಟ್ರೋಲ್ ರೂಮಿನ ನಂಬರು ಒತ್ತಿ ಅವರ ಕಡೆ ಚಾಚಿದೆ. ಆ ಕಡೆ ಎರಡು ಸಲ ರಿಂಗಾಯಿತು. ಅವರು ಕೈ ಚಾಚಿ ತೆಗೆದುಕೊಂಡರು.